ಬಾಗಿಲಿನಿಂದ ಮೇಲ್‌ಬಾಕ್ಸಿಗೆ ನಲವತ್ತಾರು ಹೆಜ್ಜೆ

ನನ್ನ ಯಜಮಾನರ ಕಣ್ಣು ಪೂರ್ತಿ ಹೋಗುವ ಮೊದಲು ನಾವು ಒಂದು ಮನೆ ಕೊಳ್ಳಬೇಕಾಗಿತ್ತು. ಇರಲು ಮನೆ ಇರಲಿಲ್ಲವೆಂದಲ್ಲ. ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿ ನಾಲ್ಕು ಬೆಡ್‌ರೂಮಿನ ಮನೆ ಇತ್ತು. ಮುಂದೆ ಹುಲ್ಲು, ಹಿಂದೆ ಹುಲ್ಲು, ಎರಡು ಕಾರು ನಿಲ್ಲುವ ಗ್ಯಾರೇಜು. ಇಲ್ಲದ್ದು ಒಂದೇ. ಆ ಮನೆಯಿಂದ ಕಾಲಲ್ಲಿ ನಡೆದು ಮುಟ್ಟಬಹುದಾದ ಒಂದು ಜಾಗವೂ ಇರಲಿಲ್ಲ. ಹಿಡಿ ಕೊತ್ತಂಬರಿ ಸೊಪ್ಪು ಬೇಕೆಂದರೂ ಕಾರು ತೆಗೆಯಬೇಕು. ಗ್ಲಾಕೋಮಾಗೆ ಎರಡು ಆಪರೇಷನ್ ಆದ ಮೇಲೆ ಡಾಕ್ಟರು ಇನ್ನು ಡ್ರೈವ್ ಮಾಡುವ ಹಾಗಿಲ್ಲ ಎಂದರು. ಅವತ್ತಿನಿಂದ ಈ ಮನುಷ್ಯ ಆ ದೊಡ್ಡ ಮನೆಯೊಳಗೆ ಸಿಕ್ಕಿಹಾಕಿಕೊಂಡರು.

ಮೂವತ್ತು ವರ್ಷ ಪೈಪ್‌ಲೈನ್‌ಗಳ ನಕ್ಷೆ ನೋಡಿದವರು ಅವರು. ಯಾರ ಕೈಯನ್ನೂ ಕಾಯ್ದವರಲ್ಲ. ಈಗ ನಾನು ಅಂಗಡಿಗೆ ಹೋಗಿ ಬರುವ ತನಕ ಸೋಫಾದ ತುದಿಯಲ್ಲಿ ಕೂತು ಗ್ಯಾರೇಜಿನ ಬಾಗಿಲು ಏಳುವ ಸದ್ದಿಗೆ ಕಿವಿಗೊಟ್ಟಿರುತ್ತಿದ್ದರು. ಅವರು ಧಾರವಾಡದವರು, ನಾನು ಮೈಸೂರಿನವಳು. ಮೂವತ್ತೇಳು ವರ್ಷ ಒಟ್ಟಿಗೆ ಬಾಳಿದರೂ ಅವರ ಮಾತು ಅವರದೇ, ನನ್ನ ಮಾತು ನನ್ನದೇ. ಒಂದು ದಿನ ಹೇಳಿದರು, “ಕೇಳಿಲ್ಲಿ. ನನಗ ಕಣ್ಣ ಹೋಗ್ತಾವಂತ ಅಷ್ಟ ಚಿಂತಿ ಇಲ್ಲ. ದಿನಾ ಒಂದ್ಸಲ ನಾನ ಒಬ್ಬನ ಹೊರಗ ಹೋಗಿ, ಒಬ್ಬನ ತಿರಗಿ ಬರಬೇಕು. ಅಷ್ಟ ಸಾಕು.” ನನ್ನ ಯಜಮಾನರು ನನ್ನ ಹತ್ತಿರ ಕೇಳಿಕೊಂಡದ್ದು ಕಡಿಮೆ. ಇದೊಂದು ಕೇಳಿದರು.

ಕಣ್ಣು ಮಂಜಾಗುತ್ತಿರುವವರಿಗೆ ಕೋಲು ಹಿಡಿದು ನಡೆಯುವುದನ್ನು ಕಲಿಸುವ ಒಂದು ಜಾಗ ಆಸ್ಟಿನ್‌ನಲ್ಲಿತ್ತು. ಅಲ್ಲಿನ ಮಾಸ್ತರರು ಮೊದಲ ದಿನವೇ ನಮಗೆ ಹೇಳಿದ್ದು ಇಷ್ಟು. ಎಲ್ಲಿ ಇರಬೇಕೆಂದಿದ್ದೀರೋ ಅಲ್ಲಿಗೆ ಈಗಲೇ ಹೋಗಿ. ಸ್ವಲ್ಪ ಕಾಣುವಾಗ ಕಲಿತ ದಾರಿ ಪೂರ್ತಿ ಕಾಣದ ಮೇಲೂ ತಲೆಯಲ್ಲಿ ಉಳಿಯುತ್ತದೆ. ಎಲ್ಲ ಕತ್ತಲಾದ ಮೇಲೆ, ಅದೂ ಈ ವಯಸ್ಸಿನಲ್ಲಿ, ಹೊಸ ಜಾಗ ಕಲಿಯುವುದು ಬಹಳ ಕಷ್ಟ. ಚಿಕ್ಕ ಜಾಗ ನೋಡಿ.

ಚಿಕ್ಕ ಜಾಗ ಹುಡುಕಲು ಹೊರಟರೆ ಏಜೆಂಟ್ ನಮ್ಮನ್ನು ಆಸ್ಟಿನ್ ಪಕ್ಕದ ಊರಾದ ಸೀಡರ್ ಪಾರ್ಕ್‌ನಲ್ಲಿ ಸುತ್ತಿಸಿದ. ನಮ್ಮವರೆಲ್ಲ ಅಲ್ಲೇ ಇರುವುದು ನಿಜ. ಆದರೆ ಆತ ತೋರಿಸಿದ್ದೆಲ್ಲ ಮಹಡಿ ಮನೆಗಳು. “ಅಂಕಲ್‌ಗೆ ಮೇಲೆ ಒಳ್ಳೆ ವ್ಯೂ ಇದೆ” ಎಂದ ಒಂದು ಕಡೆ. ನನಗೆ ಮೈಯೆಲ್ಲ ಉರಿಯಿತು. “ಅಂಕಲ್‌ಗೆ ವ್ಯೂ ತಗೊಂಡು ಏನಪ್ಪಾ ಆಗ್ಬೇಕು?” ಎಂದು ಕೇಳಿಯೇಬಿಟ್ಟೆ. ಆಮೇಲೆ ಆತ ನಮ್ಮ ಫೋನ್ ಎತ್ತಲಿಲ್ಲ.

ಕೊನೆಗೆ ನಾನೇ ಹುಡುಕಿದೆ. ಉತ್ತರ ಆಸ್ಟಿನ್‌ನಲ್ಲಿ ಒಂದು ಹಳೆಯ ಕಾಂಡೋ. ನಡುವೆ ಅಂಗಳ, ಅಂಗಳದಲ್ಲಿ ಒಂದು ದೊಡ್ಡ ಓಕ್ ಮರ, ಸುತ್ತ ಎರಡು ಅಂತಸ್ತಿನಲ್ಲಿ ನಲವತ್ತು ಮನೆ. ನಮ್ಮದು ಕೆಳಗಿನದು, ಪೂರ್ವದ ಬಾಗಿಲು. ಬಾಗಿಲಿಂದ ಇಟ್ಟಿಗೆಯ ಹಾದಿ ಹಿಡಿದರೆ ಮೇಲ್‌ಬಾಕ್ಸು, ಬಟ್ಟೆ ಒಗೆಯುವ ಕೋಣೆ, ಆಮೇಲೆ ಗೇಟು. ಗೇಟಿನಾಚೆ ಫುಟ್‌ಪಾತ್. ಟೆಕ್ಸಸ್‌ನಲ್ಲಿ ಫುಟ್‌ಪಾತ್ ನೋಡಿ ಸಂತೋಷಪಟ್ಟವರು ನಾವಿಬ್ಬರೇ ಇರಬೇಕು. ಅದು ರಸ್ತೆ ದಾಟಿಸದೆ ನೆಟ್ಟಗೆ ಒಂದು ಸಣ್ಣ ಕಾಫಿ ಅಂಗಡಿಗೆ ಕರೆದುಕೊಂಡು ಹೋಗುತ್ತಿತ್ತು. ಯಜಮಾನರು ಎಡಗಣ್ಣಿನಲ್ಲಿ ಉಳಿದಿದ್ದ ಚೂರು ನೋಟದಲ್ಲಿ ಅದನ್ನೆಲ್ಲ ನೋಡಿ, “ಇದ ಆತು” ಎಂದರು.

ಗೆಳತಿಯರು ನಕ್ಕರು. “ಕಾಂಡೋ ಅಂದ್ರೆ ಅಪಾರ್ಟ್‌ಮೆಂಟ್ ತಾನೇ? ಈ ವಯಸ್ಸಲ್ಲಿ ಸ್ವಂತ ಮನೆ ಮಾರಿ ಅಲ್ಲಿಗೆ ಹೋಗ್ತಾರಾ ಯಾರಾದ್ರೂ?” ಇದೂ ಸ್ವಂತದ್ದೇ ಎಂದು ಎಷ್ಟು ಬಿಡಿಸಿ ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಗೋಡೆಯ ಒಳಗಿನದು ನಮ್ಮದು. ಸೂರು, ಅಂಗಳ, ಮರ, ಕೆಳಗಿನ ನೆಲ ನಲವತ್ತು ಮನೆಯವರದ್ದೂ. ಎಲ್ಲರಿಗೂ ಸೇರಿದ್ದನ್ನು ನೋಡಿಕೊಳ್ಳಲು ಒಂದು ಸಂಘ, ಸಂಘಕ್ಕೊಂದು ಕಮಿಟಿ. ಒಂದು ಮನೆಗೆ ಒಂದು ವೋಟು. ಗಂಡ ಹೆಂಡತಿಯಲ್ಲಿ ಯಾರು ಒಬ್ಬರು ಸಹಿ ಹಾಕಿದರೂ ನಡೆಯುತ್ತದೆ. ಕೊಳ್ಳುವ ದಿನ ಇದನ್ನೆಲ್ಲ ಯಜಮಾನರೇ ಕಾಗದ ಮೂಗಿಗೆ ತಾಗುವ ಹಾಗೆ ಹಿಡಿದು ಒಂದೊಂದೇ ಸಾಲು ಓದಿದ್ದರು. ಮುಗಿಸಿ, “ಇನ್ನ ಮ್ಯಾಲೆ ಓದೂದು ನಿನ್ನ ಕೆಲಸ” ಎಂದು ಪೆನ್ನು ನನ್ನ ಕೈಗೆ ಕೊಟ್ಟಿದ್ದರು.

ಮಾಸ್ತರರು ಎರಡು ತಿಂಗಳು ವಾರಕ್ಕೆರಡು ಸಲ ಬಂದು ದಾರಿ ಕಲಿಸಿದರು. ನಮ್ಮ ಬಾಗಿಲಿನ ಪಕ್ಕ ತುಳಸಿಯ ಕುಂಡ. ಸಾಲಾಗಿ ಇದ್ದ ಬಾಗಿಲುಗಳೆಲ್ಲ ಒಂದೇ ಥರ, ಒಂದೇ ಬಣ್ಣ. ನಮ್ಮದು ಯಾವುದೆಂದು ಯಜಮಾನರಿಗೆ ಗೊತ್ತಾಗುತ್ತಿದ್ದದ್ದು ಆ ಕುಂಡದ ಅಂಚು ಮುಟ್ಟಿದಾಗ. ಅಲ್ಲಿಂದ ಎಣಿಕೆ ಶುರು. ಹದಿನಾಲ್ಕನೆಯ ಹೆಜ್ಜೆಗೆ ಓಕ್ ಮರದ ಬೇರು ಇಟ್ಟಿಗೆಯನ್ನು ಎತ್ತಿದೆ, ಎಚ್ಚರ. ಮೂವತ್ತಕ್ಕೆ ಒಗೆಯುವ ಕೋಣೆಯ ಸೋಪಿನ ವಾಸನೆ. ನಲವತ್ತಾರಕ್ಕೆ ಮೇಲ್‌ಬಾಕ್ಸು. ಗೇಟಿಗೆ ಇನ್ನೂ ಇಪ್ಪತ್ತೆರಡು. ಕಾಫಿ ಅಂಗಡಿಯ ಬಾಗಿಲಿಗೆ ಒಟ್ಟು ಇನ್ನೂರ ತೊಂಬತ್ತು. ಎಣಿಸಿ ಎಣಿಸಿ ಅವರಿಗೆ ಅದೇ ಅಭ್ಯಾಸವಾಯಿತು. ನಾನು ಈರುಳ್ಳಿ ಹೆಚ್ಚಿದರೆ ಎಷ್ಟು ಏಟು ಬಿತ್ತೆಂದು ಹೇಳುತ್ತಿದ್ದರು. “ನಿಮಗೆ ಬೇರೆ ಕೆಲಸ ಇಲ್ವಾ?” ಎಂದು ಬೈದರೆ, “ಇದ ಕೆಲಸ” ಎಂದು ನಗುತ್ತಿದ್ದರು.

ಎರಡನೆಯ ವರ್ಷದ ಕೊನೆಗೆ ಎಡಗಣ್ಣೂ ಹೋಯಿತು. ಅದು ಹೋದ ಮೂರನೆಯ ದಿನ, ಬೆಳಿಗ್ಗೆ ಹತ್ತಕ್ಕೆ, ಅವರು ಕೋಲು ಹಿಡಿದು ಹೊರಟರು. ನಾನು ಕಿಟಕಿಯ ಹಿಂದೆ ನಿಂತಿದ್ದೆ. ಮುಕ್ಕಾಲು ಗಂಟೆಯಾದ ಮೇಲೆ ತುಳಸಿ ಕುಂಡಕ್ಕೆ ಕೋಲು ತಾಗಿದ ಟಕ್ ಎಂಬ ಸದ್ದಾಯಿತು. ಹುಟ್ಟಿದಾಗಿನಿಂದ ಫಿಲ್ಟರ್ ಕಾಫಿ ಬಿಟ್ಟು ಬೇರೆ ಮುಟ್ಟದವರು ಅಲ್ಲಿ ಸಕ್ಕರೆ, ಹಾಲು ಎರಡೂ ಇಲ್ಲದ ಕಹಿ ಕಾಫಿ ಕುಡಿದು ಬಂದಿದ್ದರು, ಕೈಯಲ್ಲಿ ಅವತ್ತಿನ ಟಪಾಲು. ನಾನು ಅಡಿಗೆಮನೆಗೆ ಹೋಗಿ ಅತ್ತೆ.

ಟಪಾಲಿನ ವಿಷಯ ಹೇಳಲೇಬೇಕು. ಅದರಲ್ಲಿ ಅರ್ಧ ಸಂಘದ ಕಾಗದಗಳೇ. ಬಾಗಿಲಿನ ಮುಂದೆ ಸೀಮೆಸುಣ್ಣದಲ್ಲಿ ಏನೋ ಗೀಚಲಾಗಿದೆ, ಅಳಿಸಿ. ಅದು ನನ್ನ ರಂಗೋಲಿ. ಹೊರಗೆ ಪಾದರಕ್ಷೆ ಬಿಡಬಾರದು. ಬಾಲ್ಕನಿಯಲ್ಲಿ ಟವೆಲ್ ಒಣಗಿಸಬಾರದು. ನಮಗೆ ಬಾಲ್ಕನಿಯೇ ಇಲ್ಲ ಸ್ವಾಮಿ, ನಾವು ಕೆಳಗಿನವರು. ಒಂದು ಸಲ ತುಳಸಿ ಕುಂಡ ನಡೆದಾಡುವ ದಾರಿಯಲ್ಲಿದೆ, ತೆಗೆಯದಿದ್ದರೆ ನಾವೇ ತೆಗೆಸುತ್ತೇವೆ ಎಂದು ಬಂತು. ನನಗೆ ತಲೆ ಕೆಟ್ಟುಹೋಯಿತು.

ನಮ್ಮ ನೆತ್ತಿಯ ಮೇಲಿನ ಮನೆಯಲ್ಲಿ ಒಬ್ಬಾಕೆ ಇದ್ದಳು. ಎಪ್ಪತ್ತು ದಾಟಿದ ಟೆಕ್ಸಸ್ ಹೆಂಗಸು, ಕಮಿಟಿಯಲ್ಲಿದ್ದಳು. ಮೂರು ಮದುವೆ ಮಾಡಿಕೊಂಡು ಮೂವರನ್ನೂ ಬಿಟ್ಟು, ಒಂದು ಬೆಕ್ಕಿನ ಜೊತೆ ಆರಾಮವಾಗಿದ್ದಳು. ಆ ಕಾಗದ ಹಿಡಿದು ನಾನು ಅಂಗಳದಲ್ಲಿ ಒಬ್ಬಳೇ ಬೈದುಕೊಳ್ಳುತ್ತಿದ್ದಾಗ ಏನಾಯಿತೆಂದು ಕೇಳಿದಳು. ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು, ಆ ಗಿಡ ಅವರಿಗೆ ದೇವರು, ಆ ಕುಂಡ ಆತನಿಗೆ ಮನೆಯ ನಂಬರು, ಅದನ್ನು ಮುಟ್ಟಿದರೆ ನಾನು ಸುಮ್ಮನಿರುವುದಿಲ್ಲ ಎಂದಳಂತೆ. ಕುಂಡ ಉಳಿಯಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಏನು ಮಾಡಿದರೂ ಒಂದು ಬಟ್ಟಲು ಮೇಲಕ್ಕೆ ಹೋಗುತ್ತಿತ್ತು. ಚಕ್ಕುಲಿ ಎಂದರೆ ಅವಳಿಗೆ ಪ್ರಾಣ.

ಯಜಮಾನರು ದಿನಾ ಟಪಾಲು ತಂದು ಮೇಜಿನ ಮೇಲಿಟ್ಟು, “ಓದು” ಎನ್ನುತ್ತಿದ್ದರು. ಮೊದಮೊದಲು ಎಲ್ಲ ಓದಿದೆ. ಆಮೇಲಾಮೇಲೆ ಬೇಜಾರು ಹತ್ತಿತು. ಒಲೆಯ ಮೇಲೆ ಸಾರು, ಕೈಯಲ್ಲಿ ಸೌಟು, ಇತ್ತ ಈಜುಕೊಳದ ಸುಣ್ಣಬಣ್ಣದ ಬಗ್ಗೆ ಮೂರು ಪುಟ. ಮೇಲಿನ ಸಾಲು ಓದಿ, “ಏನಿಲ್ಲ ರೀ, ಸ್ವಿಮ್ಮಿಂಗ್ ಪೂಲಿಂದು” ಎಂದು ಮಡಚಿಡುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತು. “ಪೂರಾ ಓದು. ನಡುವ ನುಂಗಬ್ಯಾಡ” ಎನ್ನುತ್ತಿದ್ದರು. ಒಂದು ದಿನ ನಾನು ಸೌಟು ಕುಕ್ಕಿ, “ನಾನೇನು ನಿಮ್ಮ ಸೆಕ್ರೆಟರಿನಾ? ಅಷ್ಟು ಬೇಕಿದ್ರೆ ನೀವೇ ಓದ್ಕೊಳ್ಳಿ” ಎಂದೆ. ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು, ಏನಂದೆ ಎಂದು. ಅವರು ಒಂದು ವಾರ ಟಪಾಲು ತಂದು ಮೇಜಿನ ಮೇಲಿಟ್ಟು ಸುಮ್ಮನೆ ಒಳಗೆ ಹೋದರು. ನಾನು ಕ್ಷಮೆ ಕೇಳಲಿಲ್ಲ, ಬದಲಿಗೆ ಹೆಸರುಬೇಳೆ ಪಾಯಸ ಮಾಡಿದೆ. ನಮ್ಮಲ್ಲಿ ಹಾಗೆಯೇ.

ಯಾರೋ ಕಂಪನಿಯವರು ಇಡೀ ಜಾಗ ಕೊಂಡು, ಕೆಡವಿ, ಎತ್ತರದ ಕಟ್ಟಡ ಕಟ್ಟಬೇಕೆಂದಿದ್ದಾರೆ ಎಂಬ ಕಾಗದ ಬಂದದ್ದು ಆ ಬೇಸಿಗೆಯಲ್ಲಿ. ಮೊದಲ ಪುಟ ಓದಿ ನನಗೆ ನಗು ಬಂತು. “ನಲವತ್ತು ಮನೆಯವ್ರೂ ಒಪ್ಪಿದ ಹಾಗೇ ಆಯ್ತು ಬಿಡಿ. ಈ ಜನ ಗೇಟಿಗೆ ಯಾವ ಬಣ್ಣ ಅಂತ ಒಪ್ಪೋಕೆ ಒಂದು ವರ್ಷ ತಗೊಂಡ್ರು” ಎಂದೆ. ಅವರು ತಲೆಯೆತ್ತಿದರು. “ನಲವತ್ತೂ ಮಂದಿ ಒಪ್ಪಬೇಕಂತ ಬರದಾರೇನು?” “ಮತ್ತೆ? ನಮ್ಮನೆ ನಾವು ಒಪ್ಪದೆ ಮಾರೋಕಾಗತ್ತಾ?” ಎಂದೆ. ನಾನು ಪುಟ ತಿರುಗಿಸಿರಲಿಲ್ಲ. ಮೂವತ್ತೆರಡು ಮನೆ ಒಪ್ಪಿದರೆ ಉಳಿದ ಎಂಟೂ ಹೋಗುತ್ತವೆ ಎಂದು ಎರಡನೆಯ ಪುಟದಲ್ಲಿತ್ತು. ಯಜಮಾನರು ಆ ಸಂಜೆ ಒಂದು ಮಾತು ಹೇಳಿದರು. “ಯಾರರೆ ಕೇಳಾಕ ಬಂದ್ರ ನಮ್ಮದು ಬ್ಯಾಡ ಅಂತ ಬರದು ಕೊಡು.” ಹೂಂ ಎಂದೆ.

ವರಮಹಾಲಕ್ಷ್ಮಿಯ ಶುಕ್ರವಾರ ಬಂತು. ಕಲಶ ಇಟ್ಟು, ಸೀರೆ ಉಡಿಸಿ, ಹೋಳಿಗೆ ಮಾಡಿದೆ. ಹನ್ನೆರಡು ತಾಂಬೂಲದ ಚೀಲ ಕಟ್ಟಿಟ್ಟೆ. ಸಂಜೆ ಐದರಿಂದ ಫೋನು ಕುಂಯ್‌ಗುಟ್ಟತೊಡಗಿತು. “ಆಂಟಿ, ಟ್ರಾಫಿಕ್ ತುಂಬಾ ಇದೆ, ವೀಕೆಂಡ್ ಬರ್ತೀವಿ.” “ಆಂಟಿ, ನಾವು ಹಬ್ಬಾನ ಸಾಟರ್ಡೇಗೆ ಶಿಫ್ಟ್ ಮಾಡಿದ್ವಿ.” ಲಕ್ಷ್ಮಿಯನ್ನೂ ಶನಿವಾರಕ್ಕೆ ಶಿಫ್ಟ್ ಮಾಡಿದ ಜನ. ನಾನು ರೇಷ್ಮೆ ಸೀರೆಯಲ್ಲಿ ದೀಪ ಹಚ್ಚಿ, ಆ ಹನ್ನೆರಡು ಚೀಲಗಳ ಮುಂದೆ ಪೆಚ್ಚಾಗಿ ಕೂತಿದ್ದೆ. ಕಾಲಲ್ಲಿ ನಡೆದು ಕುಂಕುಮಕ್ಕೆ ಬರುವವರು ಒಬ್ಬರೂ ಇಲ್ಲದ ಊರು ಇದು ಎಂದು ಹೊಟ್ಟೆ ಉರಿಯುತ್ತಿತ್ತು.

ಆಗ ಬಾಗಿಲು ಬಡಿಯಿತು. ಮೇಲಿನ ಮನೆಯಾಕೆ. ಎರಡೂ ಮಂಡಿ ನೋವಿಟ್ಟುಕೊಂಡು ಹದಿನೆಂಟು ಮೆಟ್ಟಿಲು ಕಂಬಿ ಹಿಡಿದು ಇಳಿದು ಬಂದಿದ್ದಳು. ಕೈಯಲ್ಲಿ ಒಂದು ಕಾಗದ. ನನಗೆ ಎಷ್ಟು ಸಂತೋಷವಾಯಿತೆಂದರೆ ಕಾಗದವನ್ನು ನೋಡಲೇ ಇಲ್ಲ. ಒಳಗೆ ಕರೆದು ಕೂರಿಸಿದೆ. ಹಿಂದಿನ ವರ್ಷವೂ ಬಂದಿದ್ದವಳು, ತಾನೇ ಹಣೆ ಮುಂದೆ ಮಾಡಿದಳು. ಅರಿಶಿನ ಕುಂಕುಮ ಇಟ್ಟೆ, ಬಿಳಿಗೂದಲಿಗೆ ಮಲ್ಲಿಗೆ ಮುಡಿಸಿದೆ. ಮೂರು ಗಂಡಂದಿರನ್ನು ಬಿಟ್ಟವಳು ಮುತ್ತೈದೆಯೋ ಅಲ್ಲವೋ ಎಂದು ನಾನೇನು ಲೆಕ್ಕ ಹಾಕಲಿಲ್ಲ. ಅವತ್ತು ನನ್ನ ಮನೆಗೆ ಬಂದ ಲಕ್ಷ್ಮಿ ಅವಳೊಬ್ಬಳೇ.

ಹೋಳಿಗೆ ತಿಂದು ಅವಳು ಕಾಗದದ ವಿಷಯ ತೆಗೆದಳು. ನಾನು ಅವಳ ಚೀಲಕ್ಕೆ ಇನ್ನೊಂದಿಷ್ಟು ಚಕ್ಕುಲಿ ತುಂಬುತ್ತ ಅರ್ಧ ಕೇಳಿಸಿಕೊಂಡೆ. ಮೀಟಿಂಗಿಗೆ ಬರಲಾಗದವರು ತಮ್ಮ ವೋಟನ್ನು ಇನ್ನೊಬ್ಬರಿಗೆ ಕೊಡುವ ಪತ್ರ. ನಿಮ್ಮ ಪರವಾಗಿ ನಾನು ಹಾಕುತ್ತೇನೆ ಎಂದಳು. ಮೀಟಿಂಗು ನಮ್ಮ ಕನ್ನಡ ಸಂಘದ ಗಣೇಶನ ದಿನವೇ ಇತ್ತು, ನಾವು ಹೇಗೂ ಹೋಗುವಂತಿರಲಿಲ್ಲ. ನನಗೆ ಈ ಮೆಟ್ಟಿಲು ಇನ್ನು ಆಗುವುದಿಲ್ಲ, ಡಾಲಸ್‌ನಲ್ಲಿ ತಂಗಿಯ ಹತ್ತಿರ ಹೋಗಬೇಕೆಂದಿದ್ದೇನೆ ಎಂದೂ ಹೇಳಿದಳು. ಅದಕ್ಕೂ ಈ ಕಾಗದಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲಿಲ್ಲ. ಕೊನೆಗೆ ಅವಳು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. ಓದಿ ನೋಡು, ಅವಸರವಿಲ್ಲ, ನಾಳೆ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದಳು.

ನನ್ನ ತಾಯಿ ದೀಪ ಹಚ್ಚಿದ ಮೇಲೆ ಬಾಗಿಲಿಗೆ ಬಂದವರಿಗೆ ಇಲ್ಲ ಎಂದವಳಲ್ಲ. ಮಜ್ಜಿಗೆಯೋ, ಹಸಿಮೆಣಸಿನಕಾಯಿಯೋ, ಕೇಳಿದ್ದು ಮನೆಯಲ್ಲಿ ಇಲ್ಲದಿದ್ದರೆ ಬೇರೆ ಏನನ್ನಾದರೂ ಕೈಗಿಟ್ಟು ಕಳಿಸುತ್ತಿದ್ದಳು. ಇಲ್ಲ ಎಂಬ ಶಬ್ದ ಆ ಹೊತ್ತಿನಲ್ಲಿ ಮನೆಯೊಳಗೆ ಏಳಬಾರದು. ಅದರಲ್ಲೂ ಶುಕ್ರವಾರ, ಅದರಲ್ಲೂ ಕುಂಕುಮ ಇಡಿಸಿಕೊಂಡ ಹೆಂಗಸು, ಅದರಲ್ಲೂ ನನ್ನ ತುಳಸಿಯನ್ನು ಉಳಿಸಿಕೊಟ್ಟವಳು. ಅವಳನ್ನು ನಾಳೆ ಬಾ ಎಂದು ಬರಿಗೈಯಲ್ಲಿ ಕಳಿಸಿ, ಆ ಮಂಡಿಯಲ್ಲಿ ಇನ್ನೊಮ್ಮೆ ಮೆಟ್ಟಿಲು ಇಳಿಸಲೇ? ಓದಿ ನೋಡುತ್ತೇನೆ ಎಂದರೆ ನಿನ್ನನ್ನು ನಂಬುವುದಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಕಾಗದ ಎಳೆದುಕೊಂಡು ಅವಳು ತೋರಿಸಿದ ಕಡೆ ಸಹಿ ಹಾಕಿದೆ. ಹೆಬ್ಬೆರಳಿನ ಅರಿಶಿನ ಹೆಸರಿನ ಪಕ್ಕ ಹತ್ತಿಕೊಂಡಿತು.

ಅವಳು ಹೋದ ಮೇಲೆ ಒಳಗಿನಿಂದ ಯಜಮಾನರು ಕೇಳಿದರು. “ಏನ್ ಕಾಗದ ಅದು?”

“ಮೀಟಿಂಗಿಂದು ರೀ. ಹೋಗೋಕಾಗದೋರು ಸೈನ್ ಮಾಡ್ಬೇಕಂತೆ.”

“ಓದಿದಿ?”

“ಓದ್ದೆ” ಎಂದೆ. ದೀಪ ಉರಿಯುತ್ತಿತ್ತು, ಅದರ ಮುಂದೆಯೇ ನಿಂತು ಅಂದೆ.

ಗಣೇಶನ ದಿನ ನಾನು ಒಂದು ಸ್ಕೂಲಿನ ಊಟದ ಹಾಲಿನಲ್ಲಿ ಇನ್ನೂರು ಜನರಿಗೆ ಪುಳಿಯೋಗರೆ ಕಲಸುತ್ತಿದ್ದೆ. ಯಜಮಾನರು ಮುಂದಿನ ಸಾಲಿನಲ್ಲಿ ಕೂತು ಮಕ್ಕಳ ಹಾಡು ಕೇಳುತ್ತಿದ್ದರು. ಸಂಜೆ ಮನೆಗೆ ಬಂದಾಗ ಅಂಗಳದಲ್ಲಿ ಜನ ನಿಂತಿದ್ದರು. ಕೆಲವರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಎದುರು ಮನೆಯಾತ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದ. ಯಜಮಾನರನ್ನು ಒಳಗೆ ಬಿಟ್ಟು, ಏನು ಸಮಾಚಾರ ಎಂದು ನೋಡಲು ಹೊರಟೆ. ಮೇಲಿನ ಮನೆಯಾಕೆ ಮೇಲ್‌ಬಾಕ್ಸಿನ ಹತ್ತಿರ ಸಿಕ್ಕಳು. ನನ್ನ ಎರಡೂ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿದಳು. ಮೂವತ್ತೆರಡು ಬೇಕಿತ್ತು, ಸರಿಯಾಗಿ ಮೂವತ್ತೆರಡೇ ಬಂತು, ಒಂದು ಕಡಿಮೆಯಾಗಿದ್ದರೂ ಬಿದ್ದುಹೋಗುತ್ತಿತ್ತು, ಕಂಪನಿ ಕೊಡುವ ದುಡ್ಡಿನಲ್ಲಿ ಇನ್ನು ತಾನು ತಂಗಿಯ ಹತ್ತಿರ ಹೋಗಬಹುದು ಎಂದಳು.

 ಯಾವ ಮೂವತ್ತೆರಡು ಎಂದು ಕೇಳಿದೆ. ನನ್ನ ಮುಖ ನೋಡಿ ಅವಳ ನಗು ನಿಂತಿತು. ನಿಧಾನಕ್ಕೆ, ನಾನು ಓದು ಎಂದೆನಲ್ಲ ಎಂದಳು. ಹೌದು, ಅಂದಿದ್ದಳು. ಅವಳನ್ನು ಬೈಯಲು ನನಗೆ ಒಂದು ಮಾತೂ ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಒಳಗೆ ಬಂದು, “ಮಾರಾಟ ಆಗ್ಹೋಯ್ತಂತೆ ರೀ. ನಲವತ್ತು ಬೇಕಿರ್ಲಿಲ್ವಂತೆ, ಮೂವತ್ತೆರಡೇ ಸಾಕಂತೆ” ಎಂದೆ.

ಅವರು ಕೋಲನ್ನು ಬಾಗಿಲ ಹಿಂದೆ ಒರಗಿಸಿದರು. ಆಮೇಲೆ, “ನಾವು ಬ್ಯಾಡ ಅಂತ ಬರದು ಕೊಟ್ಟಿದ್ವಲ್ಲ?” ಎಂದರು.

“ಹೂಂ” ಎಂದೆ.

ಮರುದಿನ ಒಗೆಯುವ ಕೋಣೆಗೆ ಹೋಗಿ, ಮೆಷಿನ್ನುಗಳ ಸದ್ದಿನ ಮರೆಯಲ್ಲಿ ಡಾಲಸ್‌ನಲ್ಲಿರುವ ಗೆಳತಿಯ ಮಗಳಿಗೆ ಫೋನು ಮಾಡಿದೆ. ಅವಳು ವಕೀಲೆ. ಎಲ್ಲ ಕೇಳಿ, “ಆಂಟಿ, ಮೀಟಿಂಗ್ ಶುರು ಆಗೋ ಮುಂಚೆ ನನ್ನ ವೋಟ್ ವಾಪಸ್ ತಗೋತೀನಿ ಅಂತ ಒಂದ್ ಲೈನ್ ಬರ್ದು ಕೊಟ್ಟಿದ್ರೂ ಸಾಕಿತ್ತು” ಎಂದಳು.

“ಈಗ?”

“ನೀವೇ ಸೈನ್ ಮಾಡಿದ್ದೀರ, ಯಾರೂ ಫೋರ್ಸ್ ಮಾಡಿಲ್ಲ. ಈಗ ಏನೂ ಮಾಡೋಕಾಗಲ್ಲ ಆಂಟಿ. ಅಂಕಲ್ ಹೇಗಿದ್ದಾರೆ?”

ಚೆನ್ನಾಗಿದ್ದಾರೆ ಎಂದು ಫೋನು ಇಟ್ಟೆ.

ಬೇರೆ ಕಾಂಡೋ ನೋಡಲಿಲ್ಲವೆಂದಲ್ಲ. ನಾಲ್ಕು ನೋಡಿದೆ. ಒಂದರ ಗೇಟು ಹೈವೇಗೇ ತೆರೆದುಕೊಳ್ಳುತ್ತಿತ್ತು, ಇನ್ನೊಂದರಲ್ಲಿ ಫುಟ್‌ಪಾತ್ ಅರ್ಧಕ್ಕೇ ಹುಲ್ಲಿನಲ್ಲಿ ಮುಗಿದುಹೋಗುತ್ತಿತ್ತು. ಮೂರನೆಯದಕ್ಕೆ ಯಜಮಾನರನ್ನೂ ಕರೆದುಕೊಂಡು ಹೋದೆ. ಬಾಗಿಲಲ್ಲಿ ನಿಂತು ಕೋಲಿನಿಂದ ಎಡಕ್ಕೆ, ಬಲಕ್ಕೆ ತಡವಿದರು. ನಾಲ್ಕು ಹೆಜ್ಜೆ ಇಟ್ಟು ನಿಂತರು. ಹಣೆಯಲ್ಲಿ ಬೆವರು. “ನಡಿ ಹೋಗೂಣು. ಇನ್ನ ಹೊಸಾ ಜಾಗಾ ನನ್ನ ತಲ್ಯಾಗ ಕೂಡೂದಿಲ್ಲ. ಆ ಮಾಸ್ತರ ಹೇಳಿದ್ದ ಖರೆ. ಕಣ್ಣಿದ್ದಾಗ ಕಲತದ್ದಷ್ಟ ಉಳೀತದ” ಎಂದರು. ನಾಲ್ಕನೆಯದನ್ನು ನಾನೊಬ್ಬಳೇ ನೋಡಿ ಬಂದೆ, ಅವರಿಗೆ ಹೇಳಲೂ ಇಲ್ಲ. ಹ್ಯೂಸ್ಟನ್ ಆಚೆಯ ಫುಲ್‌ಶೀರ್‌ನಲ್ಲಿರುವ ನಮ್ಮ ಮಗಳು, ಕೆಳಗಿನ ಕೋಣೆ ಖಾಲಿ ಇದೆ, ಬನ್ನಿ ಅಮ್ಮಾ ಎಂದಳು.

ಒಂದು ದಿನ ಯಜಮಾನರು ಮೇಲ್‌ಬಾಕ್ಸಿನಿಂದ ಒಂದು ದಪ್ಪ ಲಕೋಟೆ ತಂದರು. ನಲವತ್ತಾರು ಹೆಜ್ಜೆ ತಾವೇ ನಡೆದು ತಂದದ್ದು. ಮಾರಾಟದ ಒಪ್ಪಂದದ ಪ್ರತಿ. ಮೇಜಿನ ಮೇಲಿಟ್ಟು ಎದುರು ಕೂತರು.

“ಓದು. ಪೂರಾ.”

ಓದಿದೆ. ಒಂದೂವರೆ ಗಂಟೆ ಓದಿದೆ. ನಡುವೆ ಎರಡು ಸಲ ನೀರು ಕುಡಿದೆ. ಅವರು ಒಂದು ಕಡೆಯೂ ಸಾಕು ಎನ್ನಲಿಲ್ಲ. ಕೊನೆಯ ಪುಟಗಳಲ್ಲಿ ಒಪ್ಪಿ ಸಹಿ ಹಾಕಿದವರ ಪಟ್ಟಿ ಇತ್ತು. “ಅದನ್ನೂ ಓದು” ಎಂದರು. ಮನೆಯ ನಂಬರು, ಹೆಸರು, ಮನೆಯ ನಂಬರು, ಹೆಸರು. ಹತ್ತೊಂಬತ್ತನೆಯ ಸಾಲಿನಲ್ಲಿ ನಮ್ಮ ಮನೆಯ ನಂಬರಿತ್ತು. ಪಟ್ಟಿಯ ಹಿಂದೆ ಸಹಿಗಳ ನಕಲು ಲಗತ್ತಿಸಿದ್ದರು. ನನ್ನ ಸಹಿಯ ಪಕ್ಕ ಅರಿಶಿನದ ಹೆಬ್ಬೆರಳು ಬೂದುಬಣ್ಣದ ಕಲೆಯಾಗಿ ಬಿದ್ದಿತ್ತು. ನಾನು ಹದಿನೆಂಟನೆಯದಾದ ಮೇಲೆ ಉಸಿರು ತಪ್ಪದ ಹಾಗೆ ಇಪ್ಪತ್ತನೆಯದನ್ನು ಓದಿದೆ. ಧ್ವನಿ ನಡುಗಲಿಲ್ಲ. ಕೊನೆಯವರೆಗೂ ಓದಿ ಕಾಗದಗಳನ್ನು ಜೋಡಿಸಿದೆ.

“ಮುಗೀತು?”

“ಮುಗೀತು.”

ಅವರ ಬಲಗೈಯ ಬೆರಳು ಮೇಜಿನ ಅಂಚಿನ ಮೇಲಿತ್ತು. ಓದುವಾಗೆಲ್ಲ ಅದು ಮೆಲ್ಲಗೆ ಬಡಿಯುತ್ತಿದ್ದದ್ದನ್ನು ನಾನು ನೋಡಿದ್ದೆ. ನೋಡಿಯೂ ತಲೆಗೆ ಹೋಗಿರಲಿಲ್ಲ.

“ಮೂವತ್ತೊಂದ ಆದವಲ್ಲ” ಎಂದರು.

ನಾನು ಕಾಗದಗಳ ಅಂಚನ್ನು ಮತ್ತೆ ಸರಿಮಾಡಿದೆ.

“ಮೂವತ್ತೆರಡ ಅಂದಿದ್ದಿ.”

 ಹೇಳಿಬಿಡಬೇಕೆಂದು ಬಾಯಿ ತೆರೆದೆ. ಕುಂಕುಮ, ಮಂಡಿ ನೋವು, ತುಳಸಿ, ದೀಪ ಎಲ್ಲ ಗಂಟಲಿಗೆ ಬಂತು. ಒಂದೂ ಹೊರಗೆ ಬರಲಿಲ್ಲ. ಅವರು ಕಾದರು. ಬೇಕೆಂದೇ ಕಾದರು ಎಂದು ನನಗೆ ಗೊತ್ತು. ಆಮೇಲೆ ಮೇಜಿಗೆ ಕೈಯೂರಿ ಎದ್ದರು.

“ಆತು. ಕಾಫಿ ಮಾಡು.”

ಅದಾದ ಮೇಲೆ ಆ ವಿಷಯ ಅವರು ಎತ್ತಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು, ಅತ್ತು, ಪಾಯಸ ಮಾಡಿ ಹೇಗೋ ದಾಟಿಬಿಡುತ್ತಿದ್ದೆ. ಅವರು ಬೈಯಲಿಲ್ಲ. ಮರುದಿನ ಹತ್ತು ಗಂಟೆಯಾಯಿತು, ಹತ್ತೂವರೆಯಾಯಿತು. ಕೋಲು ಬಾಗಿಲ ಹಿಂದೆಯೇ ಇತ್ತು. “ಕಾಫಿಗೆ ಹೋಗಲ್ವಾ?” ಎಂದೆ. “ಇನ್ನ ಎಷ್ಟ ದಿನಾ ಅದು” ಎಂದರು. ಖಾಲಿ ಮಾಡಲು ಮೂರು ತಿಂಗಳ ಗಡುವಿತ್ತು. ಆ ಮೂರು ತಿಂಗಳೂ ದಾರಿ ಅಲ್ಲೇ ಇತ್ತು, ಬೇರು ಅಲ್ಲೇ ಇತ್ತು, ಸೋಪಿನ ವಾಸನೆಯೂ ಬರುತ್ತಿತ್ತು. ಅವರು ಒಂದು ದಿನವೂ ಹೋಗಲಿಲ್ಲ. ಟಪಾಲು ನಾನೇ ತಂದೆ.

ಮೇಲಿನ ಮನೆಯಾಕೆ ನಮಗಿಂತ ಮೊದಲೇ ಡಾಲಸ್‌ಗೆ ಹೊರಟಳು. ಹೋಗುವ ದಿನ ಬಾಗಿಲು ಬಡಿದಳು. ನಾನು ಒಳಗೇ ಇದ್ದೆ, ತೆಗೆಯಲಿಲ್ಲ.

ಈಗ ಫುಲ್‌ಶೀರ್‌ನಲ್ಲಿದ್ದೇವೆ. ಮಗಳ ಮನೆ ದೊಡ್ಡದು, ಹೊಸದು, ಸುತ್ತ ಎಲ್ಲವೂ ಹೊಸದು. ಅಳಿಯ ಒಳ್ಳೆಯವರು. ಮೊಮ್ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ತಾತನ ಕೈ ಹಿಡಿದು ಬಾತ್‌ರೂಮಿಗೆ ಬಿಡುತ್ತವೆ. ಅವರು ಕೈ ಕೊಡುತ್ತಾರೆ. ಎಣಿಸುವುದಿಲ್ಲ. ಕೋಣೆಯಿಂದ ಊಟದ ಮೇಜಿಗೆ ಎಷ್ಟು ಹೆಜ್ಜೆ ಎಂದು ನಾನೇ ಒಂದು ದಿನ ಎಣಿಸಿ ಹೇಳಿದೆ, ಹದಿನೇಳು ಎಂದು. “ಇರ್ಲಿ ಬಿಡು” ಎಂದರು. ತುಳಸಿ ಹಿತ್ತಲಿನಲ್ಲಿದೆ. ಅವರು ನಡೆಯುವ ದಾರಿಯಲ್ಲಿ ಅದಿಲ್ಲ.

ಈ ಬಡಾವಣೆಗೂ ಒಂದು ಸಂಘವಿದೆ, ಕಾಗದಗಳು ಬರುತ್ತಿರುತ್ತವೆ. ಮಗಳು ತೆರೆಯದೆ ಕಸಕ್ಕೆ ಹಾಕುತ್ತಾಳೆ. ನಾನು ಕಸದಿಂದ ತೆಗೆದು, ಒರೆಸಿ, ಅವರ ಮಂಚದ ಪಕ್ಕ ಕೂತು ಓದುತ್ತೇನೆ. ಹುಲ್ಲು ಇಷ್ಟಕ್ಕಿಂತ ಎತ್ತರ ಬೆಳೆಯಬಾರದು, ಕಸದ ಡಬ್ಬಿ ಇಂಥ ದಿನವೇ ಹೊರಗಿಡಬೇಕು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಕೆಳಗಿನ ಸಣ್ಣ ಅಕ್ಷರಗಳನ್ನೂ, ಫೋನ್ ನಂಬರನ್ನೂ ಬಿಡದೆ ಓದುತ್ತೇನೆ. ಹೋದ ವಾರ ಹೀಗೆ ಓದುತ್ತ ಅವರ ಕೈ ನೋಡಿದೆ. ಬೆರಳು ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. “ಕೇಳ್ತಿದ್ದೀರಾ?” ಎಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿ, “ನೀ ಓದಕೋ” ಎಂದರು.